ಸಂಗದಿಂದ ಬೆಳೆದ ಸಾಹಿತ್ಯ: ಹಲಸಂಗಿಯ ಗೆಳೆಯರು

ಶರಣಮಾರ್ಗದಲ್ಲಿ ಸಂಗಕ್ಕೆ ವಿಶೇಷವಾದ ಸ್ಥಾನವುಂಟು. ಗುರುವಿನಿಂದ ಅರಿವು, ಲಿಂಗದಲ್ಲಿ ನಿಷ್ಠೆ, ಜಂಗಮದಲ್ಲಿ ದಾಸೋಹ ಎಂದು ಸಾರುವ ಈ ಮಾರ್ಗದಲ್ಲಿ ಸಾಧಕನು ಒಂಟಿಯಾಗಿ ನಡೆಯುವುದಿಲ್ಲ. ಅವನ ಎಡಬಲದಲ್ಲಿ ಸದಾ ಒಡನಡೆಯುವವರು ಇರುತ್ತಾರೆ. ಸಾಧನೆಗೆ ಸಲ್ಲುವ ಈ ಮಾತು ಸಾಹಿತ್ಯಕ್ಕೂ ಸಲ್ಲುತ್ತದೆ. ಬರೆಯುವವನು ಏಕಾಂತದಲ್ಲಿ ಬರೆಯಬಹುದು. ಆದರೆ ಅವನ ಬರಹವು ಬೆಳೆಯುವುದು, ತಿದ್ದಿಕೊಳ್ಳುವುದು, ಉಳಿದುಕೊಳ್ಳುವುದು ಬಲ್ಲವರ ಒಡನಾಟದಲ್ಲಿ. ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಈ ಸತ್ಯಕ್ಕೆ ನಿದರ್ಶನಗಳು ಹಲವು. ಅವುಗಳಲ್ಲಿ ಭೀಮಾತೀರದ ಒಂದು ಸಣ್ಣ ಹಳ್ಳಿಯಲ್ಲಿ ಕೂಡಿದ ಕೆಲವು ತರುಣರ ಕಥೆಯು ಬಹು ಮನೋಹರವಾದುದು. ಅವರನ್ನು ಕನ್ನಡ ನಾಡು ‘ಹಲಸಂಗಿ ಗೆಳೆಯರು’ ಎಂದು ಕರೆಯಿತು.

ಆ ಕಥೆಗೆ ಮುನ್ನ ಅದರ ಹಿನ್ನೆಲೆಯನ್ನು ಸ್ವಲ್ಪ ನೆನೆಯುವುದು ಉಚಿತ.

ಶರಣರ ಗೋಷ್ಠಿಯ ಪರಂಪರೆ

ಹನ್ನೆರಡನೆಯ ಶತಮಾನದ ವಚನಗಳನ್ನು ಬಿಡಿಬಿಡಿಯಾಗಿ ಓದುವಾಗ ಪ್ರತಿಯೊಂದೂ ಒಬ್ಬ ಶರಣನ ಅಂತರಂಗದ ನುಡಿಯಾಗಿ ಕೇಳಿಸುತ್ತದೆ. ಒಟ್ಟಿಗೆ ಇಟ್ಟು ಓದಿದಾಗ ಅವು ಒಂದರೊಡನೊಂದು ಮಾತನಾಡುತ್ತಿರುವುದು ಗೋಚರವಾಗುತ್ತದೆ. ಒಬ್ಬರ ಪ್ರಶ್ನೆಗೆ ಮತ್ತೊಬ್ಬರ ಉತ್ತರ, ಒಬ್ಬರ ನಿಲುವಿಗೆ ಮತ್ತೊಬ್ಬರ ತಿದ್ದುಪಡಿ. ಆಯ್ದಕ್ಕಿ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದು ಆಸೆಯ ಅಕ್ಕಿಯೆಂದು ತಡೆದು ಹಿಂದಕ್ಕೆ ಕಳುಹಿದವರು ಅವರ ಸತಿ ಲಕ್ಕಮ್ಮನವರು. ಆ ತಾಯಿಯ ವಚನಗಳ ಅಂಕಿತ ‘ಮಾರಯ್ಯಪ್ರಿಯ ಅಮಲೇಶ್ವರಲಿಂಗ’. ಪತಿಯ ಹೆಸರನ್ನು ಅಂಕಿತದಲ್ಲಿ ಧರಿಸಿಕೊಂಡೇ ಪತಿಯನ್ನು ತಿದ್ದಿದ ಧೀಮಂತಿಕೆ ಅವರದು. ಕೂಡಿ ನಡೆಯುವುದೆಂದರೆ ತನ್ನತನವನ್ನು ಕಳೆದುಕೊಳ್ಳುವುದೆಂದು ಶರಣರು ತಿಳಿಯಲಿಲ್ಲ. ಗೋಷ್ಠಿ ಒಂದೇ ಆಗಿದ್ದರೂ ಅಂಕಿತಗಳು ನೂರಾರು.

ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚದುರಿದ ವಚನಗಳನ್ನು ಮತ್ತೆ ಒಂದು ಗೋಷ್ಠಿಯಾಗಿ ಕೂಡಿಸಿದ ಮಹತ್ಕಾರ್ಯವು ಹದಿನೈದನೆಯ ಶತಮಾನದಲ್ಲಿ ನಡೆಯಿತು. ಶಿವಗಣಪ್ರಸಾದಿ ಮಹಾದೇವಯ್ಯನವರು ಅಲ್ಲಮಪ್ರಭುವನ್ನು ನಡುವಿಟ್ಟು, ಬಸವಣ್ಣ, ಚೆನ್ನಬಸವಣ್ಣ, ಸಿದ್ಧರಾಮ, ಅಕ್ಕಮಹಾದೇವಿ, ಮುಕ್ತಾಯಕ್ಕ ಮೊದಲಾದವರ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿ ‘ಶೂನ್ಯಸಂಪಾದನೆ’ಯನ್ನು ರಚಿಸಿದರು. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ಮಹನೀಯರು ಅದೇ ಕೃತಿಯನ್ನು ಕೈಗೆತ್ತಿಕೊಂಡು ಹಿಗ್ಗಿಸಿ, ಕೂಡಿಸಿ, ತಿದ್ದಿ ಮರಳಿ ಮರಳಿ ಸಂಪಾದಿಸಿದರು. ಹೀಗೆ ಒಂದೇ ಗ್ರಂಥಕ್ಕೆ ನಾಲ್ವರು ಸಂಪಾದಕರು. ತಲೆಮಾರುಗಳ ಅಂತರವಿದ್ದರೂ ಒಬ್ಬರ ದುಡಿಮೆಯ ಮೇಲೆ ಮತ್ತೊಬ್ಬರು ನಿಂತ ಈ ಬಗೆಯೂ ಸಂಗದ ಒಂದು ಪರಿಯೇ ಆಗಿದೆ.

ವಿಜಯಪುರದ ನೆಲದಲ್ಲಿ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಂದಿನ ಬಿಜಾಪುರ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕನ್ನಡ ಮಾತನಾಡುವ ಜನ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕಾಲವದು. ಮೈಸೂರಿನ ವಿದ್ವಾಂಸರಿಗೂ ಉತ್ತರದ ಹಳ್ಳಿಯ ಬರಹಗಾರರಿಗೂ ನಡುವೆ ದೂರ ಬಹಳವಿತ್ತು. ಇಂಥ ಕಾಲದಲ್ಲಿ ಆ ಜಿಲ್ಲೆಯೊಂದರಿಂದಲೇ ಕನ್ನಡಕ್ಕೆ ಎರಡು ನಿಧಿಗಳು ದೊರೆತವು. ಒಂದು ಓಲೆಗರಿಯಲ್ಲಿ ಅಡಗಿದ್ದ ನಿಧಿ, ಇನ್ನೊಂದು ನಾಲಗೆಯ ಮೇಲಿದ್ದ ನಿಧಿ.

ಮೊದಲನೆಯದನ್ನು ತೆಗೆದುಕೊಟ್ಟವರು ಡಾ. ಫ. ಗು. ಹಳಕಟ್ಟಿಯವರು. ವೃತ್ತಿಯಿಂದ ವಕೀಲರಾಗಿದ್ದ ಅವರು ಮನೆಮನೆ, ಮಠಮಠಗಳಿಂದ ತಾಡವೋಲೆಗಳನ್ನು ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರ ತ್ಯಾಗವನ್ನು ಈ ಪುಟದ ಓದುಗರು ಬಲ್ಲರು. ಎರಡನೆಯ ನಿಧಿಗೆ ಕೈಹಚ್ಚಿದವರು ಹಲಸಂಗಿಯ ಗೆಳೆಯರು. ಅವರ ಬಳಿ ಪದವಿಯಿರಲಿಲ್ಲ, ಮುದ್ರಣಾಲಯವಿರಲಿಲ್ಲ, ಹಣವಂತೂ ಇರಲಿಲ್ಲ. ಇದ್ದ ಬಂಡವಾಳವೆಂದರೆ ಒಬ್ಬರಿಗೊಬ್ಬರು ಇದ್ದುದು.

ಯಾರು ಈ ಗೆಳೆಯರು?

ಹಲಸಂಗಿಯು ಇಂಡಿ ತಾಲ್ಲೂಕಿಗೆ ಸೇರಿದ್ದ ಒಂದು ಹಳ್ಳಿ. ಜೋಳದ ಹೊಲಗಳ, ಪದೇಪದೇ ಬರಕ್ಕೆ ತುತ್ತಾಗುವ ಸೀಮೆಯದು. ಅಲ್ಲಿಯ ಚೆನ್ನಮಲ್ಲಪ್ಪ ಗಲಗಲಿಯವರು 1903ರಲ್ಲಿ ಜನಿಸಿದರು. ಮುಲ್ಕಿ ಪರೀಕ್ಷೆಯವರೆಗೆ ಓದಿದ ಅವರು ಮುಂದೆ ‘ಮಧುರಚೆನ್ನ’ ಎಂಬ ಹೆಸರಿನಿಂದ ಅನುಭಾವಿ ಕವಿಯೆಂದು ಖ್ಯಾತರಾದರು. ಅವರ ಜೊತೆಗೂಡಿದ ಸಿಂಪಿ ಲಿಂಗಣ್ಣನವರು ನೆರೆಯ ಚಡಚಣದವರು. 1905ರಲ್ಲಿ ಹುಟ್ಟಿ, ಶಾಲಾ ಶಿಕ್ಷಕರಾಗಿ ಬಾಳಿದವರು. ಕಾಪಸೆ ರೇವಪ್ಪನವರು ಮತ್ತೊಬ್ಬರು. ಪಿ. ಧೂಲಾಸಾಹೇಬರು ಇನ್ನೊಬ್ಬರು. ಕುಲ, ಮತಗಳ ಎಣಿಕೆ ಈ ಕೂಟದಲ್ಲಿ ನಡೆಯಲಿಲ್ಲ. ಲಿಂಗವಂತರ ಮನೆಯ ತರುಣನೂ ಮುಸಲ್ಮಾನರ ಮನೆಯ ತರುಣನೂ ಒಂದೇ ಹಾಡಿಗೆ ಕಿವಿಗೊಟ್ಟು ಕುಳಿತರು. ಕಲ್ಯಾಣದ ಗೋಷ್ಠಿಯಲ್ಲಿ ಕಾಯಕಭೇದ, ಕುಲಭೇದಗಳು ಕರಗಿದ ಬಗೆಯನ್ನು ಬಲ್ಲವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರು ಆರಿಸಿಕೊಂಡ ಕಾರ್ಯವು ಆ ಕಾಲದ ಪಂಡಿತರಿಗೆ ಅಷ್ಟೇನೂ ಘನವಾಗಿ ಕಾಣುವಂತಹುದಲ್ಲ. ಅದು ಹಳ್ಳಿಯ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ, ಕೂಸನ್ನು ತೂಗುವಾಗ ಹಾಡುವ ಪದಗಳನ್ನು ಬರೆದಿಡುವ ಕೆಲಸ.

ಬೀಸುವ ಕಲ್ಲಿನ ಹಾಡು

ಗಿರಣಿಗಳು ಬರುವುದಕ್ಕೆ ಮುನ್ನ ಹಳ್ಳಿಯ ಪ್ರತಿ ಮನೆಯ ದಿನವೂ ಬೀಸುವ ಕಲ್ಲಿನ ದನಿಯಿಂದ ಆರಂಭವಾಗುತ್ತಿತ್ತು. ನಸುಕಿಗೆ ಎದ್ದ ಹೆಂಗಸರು ಅಂದಿನ ರೊಟ್ಟಿಗೆ ಬೇಕಾದ ಜೋಳವನ್ನು ಬೀಸಬೇಕು. ಭಾರವಾದ ಕಲ್ಲು ಒಬ್ಬಳ ಕೈಗೆ ಕಷ್ಟ. ಆದುದರಿಂದ ಇಬ್ಬರು ಎದುರುಬದುರು ಕುಳಿತು ಒಂದೇ ಗೂಟವನ್ನು ಹಿಡಿದು ತಿರುಗಿಸುತ್ತಿದ್ದರು. ಅತ್ತೆ ಸೊಸೆಯರು, ಅಕ್ಕ ತಂಗಿಯರು, ನೆರೆಮನೆಯ ಗೆಳತಿಯರು. ಒಬ್ಬಳು ಪದವನ್ನು ಎತ್ತಿಕೊಂಡರೆ ಇನ್ನೊಬ್ಬಳು ದನಿಗೂಡಿಸುತ್ತಿದ್ದಳು. ಒಬ್ಬಳು ತವರನ್ನು ನೆನೆದರೆ ಇನ್ನೊಬ್ಬಳು ಅದಕ್ಕೆ ತನ್ನ ಅಣ್ಣನನ್ನೋ ಕೂಸನ್ನೋ ಕೂಡಿಸುತ್ತಿದ್ದಳು. ಹೀಗೆ ಆ ಹಾಡುಗಳು ಹುಟ್ಟುವಾಗಲೇ ಜೊತೆಗಾರಿಕೆಯಲ್ಲಿ ಹುಟ್ಟಿದವು.

ಆ ಹಾಡುಗಳ ಛಂದಸ್ಸು ತ್ರಿಪದಿ. ಕನ್ನಡದ ಅತಿ ಹಳೆಯ ದೇಸಿ ಮಟ್ಟುಗಳಲ್ಲಿ ಒಂದಾದ ಇದನ್ನು ಸುಮಾರು 700ರ ಕಾಲದ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಕಾಣಬಹುದು. ಅಕ್ಕಮಹಾದೇವಿಯವರ ‘ಯೋಗಾಂಗ ತ್ರಿವಿಧಿ’ ಈ ಮಟ್ಟಿನಲ್ಲಿದೆ. ಸರ್ವಜ್ಞನ ಪದಗಳೂ ಇದರಲ್ಲಿಯೇ ಇವೆ. ಮೂರು ಸಾಲುಗಳಲ್ಲಿ ಹನ್ನೊಂದು ಅಂಶಗಣಗಳು. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಹಾಡುವಾಗ ನಡುವಿನ ಸಾಲು ಮರುಕಳಿಸಿ ಬರುತ್ತದೆ; ಕಲ್ಲಿನ ಸುತ್ತಿಗೂ ಉಸಿರಿನ ಏರಿಳಿತಕ್ಕೂ ಅದು ಸರಿಹೊಂದುತ್ತದೆ. ಶಾಸನದಲ್ಲಿ ಕೊರೆದ ಮಟ್ಟು, ಶಿವಯೋಗಿನಿಯ ನುಡಿಗೆ ಒದಗಿದ ಮಟ್ಟು, ಓದುಬರಹ ಅರಿಯದ ತಾಯಂದಿರ ಕೊರಳಲ್ಲಿ ಸಾವಿರ ವರ್ಷಗಳಾಚೆಗೂ ಜೀವಂತವಾಗಿತ್ತು. ಈ ಸಂಪತ್ತನ್ನು ಕಾಪಾಡದಿದ್ದರೆ ಕಲ್ಲು ನಿಂತ ದಿನ ಹಾಡೂ ನಿಲ್ಲುತ್ತಿತ್ತು. ಗಿರಣಿ ಊರಿಗೆ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿದುದನ್ನು ಎಲ್ಲರೂ ಬಲ್ಲರು.

ಒಬ್ಬನಿಂದ ಆಗದ ಕಾರ್ಯ

ಈ ಸಂಗ್ರಹಕಾರ್ಯವು ಏಕೆ ಒಬ್ಬನಿಂದ ಆಗುವಂತಹುದಲ್ಲ ಎಂಬುದನ್ನು ವಿಚಾರಿಸಿದರೆ ಗೆಳೆತನದ ಪ್ರಯೋಜನವು ಸ್ಪಷ್ಟವಾಗುತ್ತದೆ.

ಮೊದಲನೆಯದಾಗಿ, ಬೀಸುವ ಪದವು ಬಯಲಿನ ಹಾಡಲ್ಲ. ಅದು ಒಳಮನೆಯ ಹಾಡು, ನಸುಕಿನ ಹಾಡು. ಹೊರಗಿನ ಗಂಡಸು ಹೋಗಿ ಕೇಳಿದರೆ ಗರತಿಯು ಬಾಯಿ ಬಿಡಲಾರಳು. ಹಾಡು ಸಿಗಬೇಕಾದರೆ ತಾಯಿ, ಅಜ್ಜಿ, ಅಕ್ಕ, ಸೋದರತ್ತೆಯರ ಬಳಿಯೇ ಸಿಗಬೇಕು. ಒಬ್ಬ ಸಂಗ್ರಾಹಕನಿಗೆ ಒಂದು ಮನೆಯ ಬಾಗಿಲು ತೆರೆದರೆ ನಾಲ್ವರು ಗೆಳೆಯರಿಗೆ ನಾಲ್ಕು ಮನೆಗಳ, ಅವರ ಬಂಧುಬಳಗದ ಮೂಲಕ ನಾಲ್ಕಾರು ಊರುಗಳ ಬಾಗಿಲುಗಳು ತೆರೆಯುತ್ತವೆ.

ಎರಡನೆಯದಾಗಿ, ಬಾಯಿಂದ ಬಾಯಿಗೆ ಬಂದ ಪದಕ್ಕೆ ಪಾಠಾಂತರಗಳು ಅನೇಕ. ಒಂದು ಊರಿನಲ್ಲಿ ಒಂದು ನುಡಿ, ಇನ್ನೊಂದು ಊರಿನಲ್ಲಿ ಇನ್ನೊಂದು. ಯಾವುದು ಮೂಲಕ್ಕೆ ಹತ್ತಿರ, ಯಾವುದು ಮರೆವಿನಿಂದ ಕೆಟ್ಟುದು ಎಂದು ತೂಗಿ ನೋಡಲು ಒಂದು ಕಿವಿ ಸಾಲದು. ಜೊತೆಗೆ ಕುಳಿತು ಕೇಳಿ, ವಾದಿಸಿ, ಒಪ್ಪುವ ನಾಲ್ಕು ಕಿವಿಗಳು ಬೇಕು. ಶೂನ್ಯಸಂಪಾದನೆಯ ಸಂಪಾದಕರು ಓಲೆಗರಿಗಳ ನಡುವೆ ಮಾಡಿದ ವಿವೇಚನೆಯನ್ನು ಇವರು ಕೊರಳುಗಳ ನಡುವೆ ಮಾಡಬೇಕಾಗಿತ್ತು.

ಮೂರನೆಯದು ಧೈರ್ಯದ ಮಾತು. ಹೆಂಗಸರ ಹಾಡನ್ನು ಬರೆದುಕೊಳ್ಳುತ್ತಾ ತಿರುಗುವ ಒಂಟಿ ತರುಣನನ್ನು ಊರು ನಗುತ್ತದೆ. ಅದೇ ಕಾರ್ಯದಲ್ಲಿ ಮತ್ತೆ ಮೂವರು ತೊಡಗಿದ್ದಾರೆಂದರೆ ನಗೆಯನ್ನು ನುಂಗಿಕೊಳ್ಳುವ ಶಕ್ತಿ ಬರುತ್ತದೆ. ದುಡಿಮೆಯ ನಡುವೆ ಬಿಡುವು ಮಾಡಿಕೊಂಡು, ಫಲದ ಭರವಸೆಯಿಲ್ಲದೆ ವರ್ಷಗಟ್ಟಲೆ ಒಂದು ಕೆಲಸವನ್ನು ಮುಂದುವರಿಸುವುದಕ್ಕೆ ಬೇಕಾದ ಕಸುವನ್ನು ಗೆಳೆಯನಲ್ಲದೆ ಮತ್ತಾರು ಕೊಟ್ಟಾರು?

ಈ ದುಡಿಮೆಯ ಫಲವಾಗಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟವಾಯಿತು. 1933ರಲ್ಲಿ ಲಾವಣಿಗಳ ಸಂಗ್ರಹವಾದ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಬಂದವು. ‘ಗರತಿಯ ಹಾಡು’ ಹೊರಬಂದಾಗ ಮಧುರಚೆನ್ನರಿಗೆ ಇಪ್ಪತ್ತೆಂಟು, ಲಿಂಗಣ್ಣನವರಿಗೆ ಇಪ್ಪತ್ತಾರು ವರ್ಷ. ವಿಶ್ವವಿದ್ಯಾಲಯಗಳಲ್ಲಿ ಜಾನಪದವು ಅಧ್ಯಯನದ ವಿಷಯವಾಗುವುದಕ್ಕೆ ಎಷ್ಟೋ ಮೊದಲು ಹಳ್ಳಿಯ ತರುಣರು ಅದಕ್ಕೆ ತಳಹದಿ ಹಾಕಿದ್ದರು.

ಧಾರವಾಡದ ಗೆಳೆಯರು, ಮೈಸೂರಿನ ಆಚಾರ್ಯರು

ಹಲಸಂಗಿಯ ಕೂಟವು ತನ್ನಷ್ಟಕ್ಕೆ ತಾನು ಮುಚ್ಚಿಕೊಂಡ ಕೂಟವಾಗಿರಲಿಲ್ಲ. ಅದೇ ಕಾಲದಲ್ಲಿ ಧಾರವಾಡದಲ್ಲಿ ದ. ರಾ. ಬೇಂದ್ರೆಯವರನ್ನು ನಡುವಿಟ್ಟು ‘ಗೆಳೆಯರ ಗುಂಪು’ ಬೆಳೆದಿತ್ತು. ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ, ಶ್ರೀರಂಗ ಮೊದಲಾದವರು ಅದರೊಡನೆ ಸೇರಿಕೊಂಡವರು. ಒಬ್ಬರು ಭಾಷೆಯ ಮೂಲವನ್ನು ಶೋಧಿಸಿದರೆ ಇನ್ನೊಬ್ಬರು ನಾಟಕ ಬರೆದರು. ಒಬ್ಬರು ಕಾವ್ಯ, ಇನ್ನೊಬ್ಬರು ಸಾಹಿತ್ಯ ಚರಿತ್ರೆ. ಹಾದಿ ಬೇರೆ ಬೇರೆಯಾದರೂ ಕೂಡಿ ಓದುವ, ಕೂಡಿ ಚರ್ಚಿಸುವ ರೂಢಿ ಎಲ್ಲರನ್ನೂ ಬೆಳೆಸಿತು. ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಗೋಕಾಕರನ್ನು ಕನ್ನಡದ ಕಡೆಗೆ ತಿರುಗಿಸಿದವರು ಬೇಂದ್ರೆಯವರು. 1973ರಲ್ಲಿ ಬೇಂದ್ರೆಯವರಿಗೂ ಅನಂತರ 1990ನೆಯ ಸಾಲಿನಲ್ಲಿ ಗೋಕಾಕರಿಗೂ ಜ್ಞಾನಪೀಠ ಪ್ರಶಸ್ತಿ ಸಂದಿತು. ಒಂದು ಗೆಳೆತನದ ಮಾತು ಒಂದು ಭಾಷೆಗೆ ಒಬ್ಬ ಕವಿಯನ್ನೇ ದೊರಕಿಸಿಕೊಟ್ಟುದಕ್ಕೆ ಇದು ಸಾಕ್ಷಿ.

ಬೇಂದ್ರೆಯವರಿಗೂ ಮಧುರಚೆನ್ನರಿಗೂ ಬೆಳೆದ ಸ್ನೇಹವು ಗಾಢವಾದುದು. ಇಬ್ಬರೂ ಕವಿಗಳು, ಇಬ್ಬರೂ ಶ್ರೀ ಅರವಿಂದರ ದರ್ಶನಕ್ಕೆ ಮನಸೋತವರು. ಹಳ್ಳಿಯ ಕವಿಗೆ ಇದರಿಂದ ವಿಶಾಲವಾದ ಸಾಹಿತ್ಯಲೋಕದ ಪರಿಚಯವಾಯಿತು. ನಗರದ ಕವಿಗೆ ಜನಪದದ ಜೀವನಾಡಿಯು ಕೈಗೆಟುಕಿತು. ಬೇಂದ್ರೆಯವರ ಕಾವ್ಯದಲ್ಲಿ ಕೇಳಿಬರುವ ತ್ರಿಪದಿಯ, ಲಾವಣಿಯ ಲಯಗಳನ್ನು ಬಲ್ಲವರು ಈ ಕೊಡುಕೊಳ್ಳುವಿಕೆಯ ಹಿರಿಮೆಯನ್ನು ಒಪ್ಪದೆ ಇರರು.

ಇನ್ನೂ ದೂರದಿಂದ ಒಂದು ಕೈ ಚಾಚಿ ಬಂದಿತು. ಮೈಸೂರು ವಿಶ್ವವಿದ್ಯಾಲಯದ ಆಚಾರ್ಯರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ‘ಗರತಿಯ ಹಾಡು’ ಸಂಕಲನಕ್ಕೆ ಮುನ್ನುಡಿ ಬರೆದರು. ಕವಿಯ ವಾಣಿಗೆ ಜನರ ವಾಣಿಯೇ ಮೂಲವೆಂಬ ಅಭಿಪ್ರಾಯವನ್ನು ಅವರು ಅದರಲ್ಲಿ ಪ್ರತಿಪಾದಿಸಿದರು. ಅಂದು ಕನ್ನಡದ ಏಕೀಕರಣವಾಗಲು ಇನ್ನೂ ಇಪ್ಪತ್ತೈದು ವರ್ಷಗಳಿದ್ದವು. 1956ರಲ್ಲಿ ರಾಜ್ಯವು ಒಂದಾಗುವ ಮೊದಲೇ ಒಂದು ಪುಸ್ತಕದ ಪುಟಗಳಲ್ಲಿ ಭೀಮಾತೀರವೂ ಕಾವೇರಿಯ ಸೀಮೆಯೂ ಒಂದಾಗಿದ್ದವು. ಲೇಖಕರ ಸ್ನೇಹವು ನಾಡನ್ನು ಕಟ್ಟುವ ಕೆಲಸವನ್ನೂ ಮಾಡಬಲ್ಲುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅಂತರಂಗದ ಫಲ

ಮಧುರಚೆನ್ನರ ಜೀವನವು ಸುಗಮವಾಗಿರಲಿಲ್ಲ. ಸತ್ಯದ ಹಂಬಲವು ಅವರನ್ನು ಎಳೆಯ ವಯಸ್ಸಿನಲ್ಲಿಯೇ ತೀವ್ರವಾಗಿ ಕಾಡಿತು. ತಮ್ಮ ಸಾಧನೆಯ ತೊಳಲಾಟವನ್ನೂ ಶೋಧವನ್ನೂ ಅವರು ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಗದ್ಯಕೃತಿಗಳಲ್ಲಿ ಮುಚ್ಚುಮರೆಯಿಲ್ಲದೆ ನಿರೂಪಿಸಿದರು. ಆ ಹೆಸರುಗಳ ಅನುಕ್ರಮವೇ ಒಬ್ಬ ಸಾಧಕನ ನಡೆಯನ್ನು ಸೂಚಿಸುತ್ತದೆ. 1933ರಲ್ಲಿ ಬಂದ ‘ನನ್ನ ನಲ್ಲ’ ಎಂಬ ನೀಳ್ಗವಿತೆಯಲ್ಲಿ ಜೀವವು ಹೆಣ್ಣಾಗಿ ಪರಮನನ್ನು ನಲ್ಲನೆಂದು ಅರಸುತ್ತದೆ. ಶರಣಸತಿ ಲಿಂಗಪತಿ ಭಾವದಲ್ಲಿ ಮನವಿಟ್ಟವರಿಗೆ ಇದು ಪರಿಚಿತವಾದ ದಾರಿ. ಗಮನಿಸತಕ್ಕ ಅಂಶವೆಂದರೆ ಆ ಅನುಭಾವದ ಭಾಷೆಯು ಪಂಡಿತರ ಭಾಷೆಯಲ್ಲ. ಗರತಿಯರ ಹಾಡುಗಳಿಗೆ ವರ್ಷಗಟ್ಟಲೆ ಕಿವಿಗೊಟ್ಟ ಕವಿಗೆ ಹೆಣ್ಣಿನ ಹಂಬಲದ ನುಡಿಯು ತನ್ನ ನುಡಿಯಾಗಿ ಒದಗಿತು. ಗೆಳೆಯರೊಡನೆ ಪರರ ಹಾಡನ್ನು ಕೂಡಿಹಾಕಿದ ದುಡಿಮೆಯು ಹೀಗೆ ಅವನ ಸ್ವಂತ ಕಾವ್ಯಕ್ಕೆ ಗೊಬ್ಬರವಾಯಿತು.

ಮಧುರಚೆನ್ನರು 1953ರಲ್ಲಿ, ಐವತ್ತರ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಸಿಂಪಿ ಲಿಂಗಣ್ಣನವರು 1993ರವರೆಗೆ ಬಾಳಿದರು. ಗೆಳೆಯನನ್ನು ಕಳೆದುಕೊಂಡ ಬಳಿಕ ನಾಲ್ಕು ದಶಕಗಳ ಕಾಲ ಜಾನಪದದ ಅದೇ ದೀಪಕ್ಕೆ ಅವರು ಎಣ್ಣೆ ಹೊಯ್ಯುತ್ತಾ ಬಂದರು. ಕೊಪ್ಪಳದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರಿಗೆ ಸಂದ ಆ ಗೌರವದಲ್ಲಿ ಅಗಲಿದ ಗೆಳೆಯರ ಪಾಲೂ ಇತ್ತು. ಒಬ್ಬನ ಆಯುಷ್ಯ ಮುಗಿದರೂ ಕೈಗೊಂಡ ಕಾರ್ಯಕ್ಕೆ ಆಯುಷ್ಯವಿರಬೇಕಾದರೆ ಅದನ್ನು ಹೊರಲು ಮತ್ತೊಂದು ಹೆಗಲು ಬೇಕು.

ಭಾಷೆಯ ಗಡಿ ದಾಟಿದ ಸಂಗ

ವಚನ ಸಾಹಿತ್ಯವೂ ಮುಂದೆ ಇಂಥದೇ ಜೊತೆಗಾರಿಕೆಯಿಂದ ಲೋಕಕ್ಕೆ ತೆರೆದುಕೊಂಡಿತು. 1965ರಿಂದ 1972ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಶೂನ್ಯಸಂಪಾದನೆಯನ್ನು ಇಂಗ್ಲಿಷ್ ಅನುವಾದದೊಡನೆ ಐದು ಸಂಪುಟಗಳಲ್ಲಿ ಪ್ರಕಟಿಸಿತು. ಶಿ. ಚ. ನಂದೀಮಠ, ಆರ್. ಸಿ. ಹಿರೇಮಠ, ಸಂ. ಶಿ. ಭೂಸನೂರಮಠ, ಎಂ. ಎಸ್. ಸುಂಕಾಪುರ ಮೊದಲಾದ ವಿದ್ವಾಂಸರು ಇದರಲ್ಲಿ ತೊಡಗಿದ್ದರು. ಅವರೊಡನೆ ದುಡಿದವರು ಅರ್ಮಾಂಡೊ ಮೆನೆಜಿಸ್ ಎಂಬ ಗೋವೆಯ ಮೂಲದ ಕ್ರೈಸ್ತ ಪ್ರಾಧ್ಯಾಪಕರು. ಅವರು ಸ್ವತಃ ಇಂಗ್ಲಿಷಿನ ಕವಿಗಳು. ಷಟ್‌ಸ್ಥಲದ ಪರಿಭಾಷೆಯನ್ನು ಬಲ್ಲವರಿಗೆ ಇಂಗ್ಲಿಷ್ ಕಾವ್ಯದ ಹದವು ಬೇಕಿತ್ತು. ಆ ಹದ ಬಲ್ಲವರಿಗೆ ಪ್ರಭುದೇವರ ಬೆಡಗನ್ನು ಬಿಡಿಸಿ ಹೇಳುವವರು ಬೇಕಿತ್ತು. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಆ ಸಂಪುಟಗಳು ಆ ರೂಪದಲ್ಲಿ ಬರುತ್ತಿರಲಿಲ್ಲ.

ಸಂಗದ ಎಚ್ಚರ

ಗೆಳೆತನಕ್ಕೂ ಒಂದು ಅಪಾಯವುಂಟು. ಒಬ್ಬರನ್ನೊಬ್ಬರು ಹೊಗಳುವುದೇ ಕೆಲಸವಾದಾಗ ಗೋಷ್ಠಿಯು ಗುಂಪುಗಾರಿಕೆಯಾಗಿ ಇಳಿಯುತ್ತದೆ. ಹೊರಗಿನವರ ಒಳ್ಳೆಯ ಬರಹ ಕಣ್ಣಿಗೆ ಬೀಳದು, ಒಳಗಿನವರ ದೋಷ ಬಾಯಿಗೆ ಬಾರದು. ಶರಣರ ಗೋಷ್ಠಿಯು ಇದರಿಂದ ಪಾರಾದುದು ಅಲ್ಲಮಪ್ರಭುವಿನಂಥ ನಿಷ್ಠುರ ಪರೀಕ್ಷಕರು ನಡುವೆ ಇದ್ದುದರಿಂದ. ಸೊನ್ನಲಿಗೆಯಲ್ಲಿ ಕೆರೆಕಟ್ಟೆಗಳನ್ನು ಕಟ್ಟಿಸಿ ಕೀರ್ತಿವಂತರಾಗಿದ್ದ ಸಿದ್ಧರಾಮರನ್ನೂ ಅವರು ಪ್ರಶ್ನಿಸದೆ ಬಿಡಲಿಲ್ಲ. ಆ ಪ್ರಶ್ನೆಯೇ ಸಿದ್ಧರಾಮರನ್ನು ಕಲ್ಯಾಣಕ್ಕೆ ಕರೆತಂದಿತು. ಗೆಳೆಯನ ಕೃತಿಯನ್ನು ಪ್ರೀತಿಯಿಂದ ಓದಿ, ಕೊರತೆಯನ್ನು ನೇರವಾಗಿ ಹೇಳುವವನೇ ನಿಜವಾದ ಸಂಗಾತಿ. ಹೇಳಿಸಿಕೊಂಡು ಮುನಿಯದವನೇ ನಿಜವಾದ ಬರಹಗಾರ.

ಇನ್ನೊಂದು ಎಚ್ಚರವೂ ಇದೆ. ಹಲಸಂಗಿಯ ಗೆಳೆಯರ ಹೆಸರು ಸಾಹಿತ್ಯ ಚರಿತ್ರೆಯಲ್ಲಿ ನಿಂತಿತು. ಹಾಡಿದ ತಾಯಂದಿರ ಹೆಸರುಗಳು ಹಾಗೆ ನಿಲ್ಲಲಿಲ್ಲ. ಶರಣರ ಕಾಲದಲ್ಲಿ ಅಕ್ಕಿ ಆಯುವ ಕಾಯಕದ ಲಕ್ಕಮ್ಮನವರ ಅಂಕಿತ ಉಳಿಯಿತು, ಎಂಟು ಶತಮಾನಗಳ ತರುವಾಯ ಜೋಳ ಬೀಸಿದ ಗರತಿಯ ಅಂಕಿತ ಉಳಿಯಲಿಲ್ಲ. ಇದು ಆ ತರುಣರ ಮೇಲಿನ ದೂರಲ್ಲ. ಜನಪದ ಗೀತೆಗೆ ಒಡೆಯರಿಲ್ಲವೆಂದು ಲೋಕವೇ ಭಾವಿಸಿದ್ದ ಕಾಲವದು. ಆದರೂ ಕೂಡಿ ಮಾಡಿದ ಕಾರ್ಯದಲ್ಲಿ ಪಾಲುಗೊಂಡವರೆಲ್ಲರ ಋಣವನ್ನು ನೆನೆಯುವುದು ದಾಸೋಹಭಾವದ ಲಕ್ಷಣ. ‘ಗರತಿಯ ಹಾಡು’ ಎಂಬ ಶೀರ್ಷಿಕೆಯನ್ನು ಓದುವಾಗಲೆಲ್ಲ ನಸುಕಿನ ಕತ್ತಲಲ್ಲಿ ಒಂದೇ ಗೂಟಕ್ಕೆ ಕೈಯಿಟ್ಟು ಕುಳಿತ ಆ ಇಬ್ಬರು ಹೆಂಗಸರನ್ನು ನೆನೆಯಬೇಕು. ಹಲಸಂಗಿಯ ಗೆಳೆಯರಿಗೂ ಮೊದಲಿನ ಗೆಳೆತನ ಅವರದು.

ಇಂದು ಬರೆಯುವ ತರುಣರು ಅನೇಕರಿದ್ದಾರೆ. ವಚನವನ್ನು ಓದಿ ವ್ಯಾಖ್ಯಾನಿಸುವ ಆಸಕ್ತರೂ ಇದ್ದಾರೆ. ಅವರಿಗೆ ಈ ಚರಿತ್ರೆಯು ಹೇಳುವ ಮಾತು ಸರಳವಾದುದು. ಪದವಿ, ಧನ, ಪ್ರಕಾಶಕರು ಒದಗುವವರೆಗೆ ಕಾಯಬೇಕಾಗಿಲ್ಲ. ಒಂದೇ ಹಂಬಲದ ಇಬ್ಬರು ಮೂವರು ಕೂಡಿ, ವಾರಕ್ಕೊಮ್ಮೆ ಕುಳಿತು, ಒಬ್ಬರ ಬರಹವನ್ನು ಇನ್ನೊಬ್ಬರು ಓದಿ ತಿದ್ದಿದರೆ ಅಲ್ಲಿಯೇ ಒಂದು ಅನುಭವ ಗೋಷ್ಠಿಯು ನೆಲೆಗೊಳ್ಳುತ್ತದೆ. ಊರಿನ ಹಿರಿಯ ತಾಯಂದಿರ ಕೊರಳಲ್ಲಿ ಇನ್ನೂ ಉಳಿದಿರಬಹುದಾದ ಪದಗಳನ್ನು, ಈ ಸಲ ಅವರ ಹೆಸರಿನೊಡನೆ, ಬರೆದಿಡುವುದು ಅಂಥ ಗೋಷ್ಠಿಗೆ ತಕ್ಕ ಮೊದಲ ಕಾಯಕವಾದೀತು.